ನ್ಯಾಯಬೆಲೆಯ ಎರಡು ಅರ್ಥ

‘ನ್ಯಾಯಬೆಲೆ’ ಎಂಬ ಮಾತನ್ನು ನಮ್ಮ ಜನಕ್ಕೆ ಕಲಿಸಿಕೊಟ್ಟವರು ಪಂಡಿತರಲ್ಲ, ಪಡಿತರದ ಅಂಗಡಿಯವರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಧಾನ್ಯಕ್ಕೆ ಅಳತೆ ಬಂದು, ಚೀಟಿ ಬಂದು, ಆಮೇಲೆ ಊರೂರಿಗೂ ಅಂಗಡಿ ಬಂದು, ಅದರ ನೆತ್ತಿಯ ಫಲಕದ ಮೇಲೆ ಈ ಪದ ನೆಲೆನಿಂತಿತು. ವ್ಯಾಕರಣದ ದೃಷ್ಟಿಯಿಂದ ನೋಡಿದರೆ ಇದು ಅರಿಸಮಾಸ. ಸಂಸ್ಕೃತದ ನ್ಯಾಯವನ್ನೂ ಕನ್ನಡದ ಬೆಲೆಯನ್ನೂ ಒಂದೇ ನೊಗಕ್ಕೆ ಕಟ್ಟಿದ್ದು. ಲಾಕ್ಷಣಿಕರು ಇಂಥ ಜೋಡಣೆಗೆ ‘ಅರಿ’ ಎಂಬ ಹೆಸರನ್ನಿಟ್ಟದ್ದು ಬೇರೆ ಕಾರಣಕ್ಕೆ. ಆದರೆ ನ್ಯಾಯವೂ ಬೆಲೆಯೂ ಒಂದರೊಡನೊಂದು ಎಷ್ಟು ಹಗೆ ಸಾಧಿಸಬಲ್ಲವೆಂಬುದನ್ನು ಕಂಡವರಿಗೆ ಆ ಹೆಸರು ಇಲ್ಲಿ ಸಾರ್ಥಕವಾಯಿತೆನ್ನಿಸಿದರೆ ಆಶ್ಚರ್ಯವಿಲ್ಲ.

ಮರಳಿಯಲ್ಲಾಗಲಿ, ಗಂಗಾವತಿಯಲ್ಲಾಗಲಿ, ಈ ಪದವನ್ನು ಕೇಳಿದವನ ಕಣ್ಣಿಗೆ ಕಟ್ಟುವುದು ಚೀಲ ಹಿಡಿದು ಸರದಿಯಲ್ಲಿ ನಿಂತ ಮನುಷ್ಯನ ಚಿತ್ರ. ಕೊಳ್ಳುವವನಿಗೆ ಹೊರೆಯಾಗದ ಬೆಲೆಯೇ ನ್ಯಾಯಬೆಲೆ. (ಆ ಅಂಗಡಿಯ ಅಕ್ಕಿಗೆ ಈಗ ಕಾಸು ಕೊಡಬೇಕಾಗಿಲ್ಲ, ಬೆಲೆ ಹೋಗಿ ಹೆಸರು ಮಾತ್ರ ಉಳಿದಿದೆ.) ಯೂರೋಪಿನ ಪೇಟೆಗಳಲ್ಲಿಯೂ ಇದಕ್ಕೆ ಸಮಾನವಾದ ಒಂದು ಮಾತು ಈಚಿನ ನಾಲ್ಕು ದಶಕಗಳಿಂದ ಬಳಕೆಯಲ್ಲಿದೆ. ಕಾಫಿಪುಡಿಯ ಪೊಟ್ಟಣದ ಮೇಲೆ ‘ಫೇರ್‌ಟ್ರೇಡ್’ ಎಂಬ ಮುದ್ರೆ. ಎಂದರೆ ನ್ಯಾಯದ ವ್ಯಾಪಾರದಿಂದ ಬಂದದ್ದು ಎಂಬ ಭರವಸೆ. ಅಲ್ಲಿ ನ್ಯಾಯ ದೊರೆಯಬೇಕಾದ್ದು ಕೊಳ್ಳುವವನಿಗಲ್ಲ, ಬೆಳೆದವನಿಗೆ. ಒಂದೇ ಮಾತಿನ ಈ ಎರಡು ಅರ್ಥಗಳು ಎದುರುಬದುರಾಗಿ ನಿಂತಿವೆ. ಉಣ್ಣುವವನಿಗೆ ಅಗ್ಗವಾಗಬೇಕು, ಬೆಳೆಯುವವನಿಗೆ ಗಿಟ್ಟಬೇಕು. ನಡುವಿನ ಅಂತರವನ್ನು ತುಂಬಿಕೊಡುವವರು ಯಾರು ಎಂಬುದೇ ಪ್ರಶ್ನೆ.

ಭತ್ತದ ಸೀಮೆಯಲ್ಲಿ ಕುಳಿತು ಕಾಫಿಯ ನ್ಯಾಯವನ್ನು ವಿಚಾರಿಸುವುದು ಅಧಿಕಪ್ರಸಂಗವೆಂದು ವಾಚಕರು ಭಾವಿಸಬಾರದು. ನಮ್ಮ ಗದ್ದೆಗೆ ಬರುವ ನೀರು ಕಾಫಿಯ ನಾಡಿನಿಂದಲೇ ಬರುತ್ತದೆ. ವರಾಹಪರ್ವತದ ಗಂಗಾಮೂಲದಲ್ಲಿ ತುಂಗೆಯೂ ಭದ್ರೆಯೂ ಹುಟ್ಟುತ್ತವೆ; ಭದ್ರೆ ಕಳಸ, ಬಾಳೆಹೊನ್ನೂರುಗಳ ತೋಟಗಳ ಮಗ್ಗುಲಲ್ಲಿ ಹರಿದು ಬಂದು ಕೂಡಲಿಯಲ್ಲಿ ತುಂಗೆಯನ್ನು ಸೇರುತ್ತದೆ. ೧೯೫೩ರಲ್ಲಿ ಹೊಸಪೇಟೆಯ ಬಳಿ ಅಣೆಕಟ್ಟಿನ ಹಿಂದೆ ನೀರು ನಿಂತಿತು. ಮುನಿರಾಬಾದಿನಿಂದ ಹೊರಟ ಎಡದಂಡೆಯ ಕಾಲುವೆ ಗಂಗಾವತಿಯ ಸೀಮೆಯನ್ನು ಭತ್ತದ ಕಣಜವನ್ನಾಗಿ ಮಾಡಿತು. ನೀರು ಮಲೆನಾಡಿನಿಂದ ಇಳಿದು ಬರುವಂತೆ ಜನ ಬಯಲುಸೀಮೆಯಿಂದ ಮಲೆನಾಡಿಗೆ ಏರಿ ಹೋಗುತ್ತಾರೆ. ಕುಷ್ಟಗಿ, ಯಲಬುರ್ಗಾಗಳ ಮಳೆಯಾಶ್ರಯದ ಊರುಗಳಲ್ಲಿ ‘ಗುಳೆ’ ಎಂಬುದು ನಿಘಂಟಿನ ಪದವಲ್ಲ, ಪಂಚಾಂಗದ ಪದ. ಹೊಳೆಯಾಚೆಯ ಕೂಡ್ಲಿಗಿ, ಹೂವಿನಹಡಗಲಿ, ಹರಪನಹಳ್ಳಿಗಳ ತಾಂಡಾಗಳಿಂದ ಕೊಯ್ಲಿನ ಕಾಲಕ್ಕೆ ಗಂಡ ಹೆಂಡತಿ ಮಕ್ಕಳ ಸಮೇತ ‘ಕಾಫಿ ಸೀಮೆ’ಗೆ ಹೋಗುವ ಲಾರಿಗಳನ್ನು ಕಂಡವರು ನಮ್ಮಲ್ಲಿ ಅನೇಕರಿದ್ದಾರೆ.

ಭತ್ತಕ್ಕೂ ಕಾಫಿಗೂ ಇರುವ ವ್ಯತ್ಯಾಸವನ್ನು ಮೊದಲು ಗಮನಿಸಬೇಕು. ಭತ್ತಕ್ಕೆ ಕೇಂದ್ರ ಸರ್ಕಾರ ವರ್ಷವರ್ಷವೂ ಒಂದು ಬೆಂಬಲ ಬೆಲೆಯನ್ನು ಸಾರುತ್ತದೆ. ೨೦೨೫-೨೬ಕ್ಕೆ ಸಾಮಾನ್ಯ ಭತ್ತಕ್ಕೆ ಕ್ವಿಂಟಾಲಿಗೆ ೨,೩೬೯ ರೂಪಾಯಿ. ಆ ಬೆಲೆಗೆ ಕೊಳ್ಳುವ ಕೇಂದ್ರ ಸಕಾಲಕ್ಕೆ ತೆರೆಯದು, ತೆರೆದರೂ ತೇವಾಂಶದ ತಕರಾರು ಮುಗಿಯದು ಎಂಬ ದೂರುಗಳೆಲ್ಲ ನಿಜವೆ. ಆದರೂ ಕೆಳಗೆ ಒಂದು ನೆಲವಿದೆ. ಬಿದ್ದರೆ ಎಲ್ಲಿಯವರೆಗೆ ಬೀಳಬಹುದೆಂಬುದು ರೈತನಿಗೆ ಗೊತ್ತು. ಕಾಫಿಗೆ ಅಂಥ ನೆಲವಿಲ್ಲ. ಮೂಡಿಗೆರೆಯ ಕಣದಲ್ಲಿ ಒಣಗುತ್ತಿರುವ ಅರೇಬಿಕಾದ ಬೆಲೆ ನಿರ್ಧಾರವಾಗುವುದು ನ್ಯೂಯಾರ್ಕಿನಲ್ಲಿ. ಮಡಿಕೇರಿಯ ರೊಬಸ್ಟಾದ ಬೆಲೆ ಲಂಡನ್ನಿನಲ್ಲಿ. ಅಲ್ಲಿ ಕೈಬದಲಾಗುವುದು ಬಹುಮಟ್ಟಿಗೆ ಬೀಜವಲ್ಲ, ಬೀಜದ ಮೇಲಿನ ಮಾತು. ಮುಂದಿನ ತಿಂಗಳುಗಳಲ್ಲಿ ಇಷ್ಟಕ್ಕೆ ಕೊಡುತ್ತೇನೆ, ಇಷ್ಟಕ್ಕೆ ಕೊಳ್ಳುತ್ತೇನೆ ಎಂಬ ಕರಾರುಗಳನ್ನು ಕಾಫಿಗಿಡವನ್ನೇ ಕಾಣದವರು ಮಾರಿ ಕೊಳ್ಳುತ್ತಾರೆ. ಬ್ರೆಜಿಲಿನಲ್ಲಿ ಒಂದು ರಾತ್ರಿ ಇಬ್ಬನಿ ಹೆಪ್ಪುಗಟ್ಟಿದರೆ ಸಕಲೇಶಪುರದಲ್ಲಿ ಮದುವೆಗಳು ನಿಶ್ಚಯವಾಗುತ್ತವೆ; ಅಲ್ಲಿ ಬೆಳೆ ಹುಲುಸಾದರೆ ಇಲ್ಲಿ ಸಾಲದ ಕಂತು ತಪ್ಪುತ್ತದೆ. ೧೯೭೫ರ ಜುಲೈಯಲ್ಲಿ ಬ್ರೆಜಿಲಿನ ತೋಟಗಳನ್ನು ಸುಟ್ಟ ಹಿಮದಿಂದಾಗಿ ೧೯೭೭ರಲ್ಲಿ ಬೆಲೆ ಪೌಂಡಿಗೆ ಮೂರು ಡಾಲರನ್ನು ದಾಟಿದ್ದನ್ನು ಹಳಬರು ಈಗಲೂ ನೆನೆಯುವುದುಂಟು.

ಇಷ್ಟಕ್ಕೂ ಈ ಗಿಡ ನಮ್ಮದಲ್ಲ. ೧೭ನೆಯ ಶತಮಾನದಲ್ಲಿ ಬಾಬಾಬುಡನ್ ಎಂಬ ಫಕೀರರು ಮೆಕ್ಕಾಯಾತ್ರೆಯಿಂದ ಮರಳುವಾಗ ಅರಬ್ಬೀ ನಾಡಿನಿಂದ ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬುದು ಐತಿಹ್ಯ. ಬೀಜ ಹೊರದೇಶಕ್ಕೆ ಹೋಗದಂತೆ ಅರಬರು ಕಾಯುತ್ತಿದ್ದರಂತೆ. ಹಾಗಾದರೆ ನಮ್ಮ ಕಾಫಿಯ ಇತಿಹಾಸ ಮೊದಲಾದದ್ದೇ ಒಂದು ಏಕಸ್ವಾಮ್ಯವನ್ನು ಮುರಿದು ಎಂದಾಯಿತು! ೧೯ನೆಯ ಶತಮಾನದಲ್ಲಿ ಬಿಳಿಯ ಪ್ಲಾಂಟರುಗಳು ಬಂದು ಅದನ್ನು ತೋಟದ ಬೆಳೆಯನ್ನಾಗಿ ಮಾಡಿದರು. ಇಂದು ಭಾರತದ ಕಾಫಿಯಲ್ಲಿ ನೂರಕ್ಕೆ ಸುಮಾರು ಎಪ್ಪತ್ತು ಪಾಲು ಕರ್ನಾಟಕದ್ದು. ಕೊಡಗು, ಚಿಕ್ಕಮಗಳೂರು, ಹಾಸನ ಈ ಮೂರು ಜಿಲ್ಲೆಗಳದು. ದೇಶದ ಬೆಳೆಯ ಬಹುಪಾಲು ಹೊರಗೆ ಹೋಗುತ್ತದೆ; ಇಟಲಿ ನಮ್ಮ ದೊಡ್ಡ ಗಿರಾಕಿ. ‘ಕಾಫಿ ತೋಟದ ಸಾಹುಕಾರ’ ಎಂಬ ಮಾತಿನಿಂದ ಹುಟ್ಟುವ ಚಿತ್ರ ನಮ್ಮ ಮನಸ್ಸಿನಲ್ಲಿ ಬಲವಾಗಿದೆ. ಆದರೆ ಕಾಫಿ ಹಿಡುವಳಿಗಳಲ್ಲಿ ನೂರಕ್ಕೆ ತೊಂಬತ್ತೆಂಟಕ್ಕೂ ಹೆಚ್ಚು ಹತ್ತು ಹೆಕ್ಟೇರಿನ ಒಳಗಿನವು. ಬಂಗಲೆಯೂ ಜೀಪೂ ಇರುವವರು ಇದ್ದಾರೆ. ಅವರಿಗಿಂತ ಬಹಳ ಹೆಚ್ಚಿನವರು ನಮ್ಮ ನಾಲ್ಕೆಕರೆಯ ಭತ್ತದ ರೈತನ ಸಮಾನರು.

ಈ ಕಾಫಿಗೂ ಒಂದು ಕಾಲದಲ್ಲಿ ನೆಲವಿತ್ತು. ಅದೂ ಎರಡು ಪದರದ ನೆಲ. ಒಂದು ದೇಶದೊಳಗಿನದು. ಎರಡನೆಯ ಮಹಾಯುದ್ಧದಲ್ಲಿ ಯೂರೋಪಿನ ಮಾರುಕಟ್ಟೆ ಮುಚ್ಚಿಹೋಗಿ ಬೀಜ ಗೋದಾಮಿನಲ್ಲಿ ಕೊಳೆಯುವ ಸ್ಥಿತಿ ಬಂದಾಗ, ೧೯೪೨ರ ಕಾನೂನಿನಿಂದ ಕಾಫಿ ಮಂಡಳಿ ಬೆಂಗಳೂರಿನಲ್ಲಿ ನೆಲೆಗೊಂಡಿತು. ಬೆಳೆಗಾರ ತನ್ನ ಬೆಳೆಯೆಲ್ಲವನ್ನೂ ಮಂಡಳಿಯ ‘ಪೂಲ್’ಗೆ ಒಪ್ಪಿಸಬೇಕು, ಮಂಡಳಿ ಒಟ್ಟಾಗಿ ಹರಾಜು ಮಾಡಿ, ಬಂದ ಹಣವನ್ನು ಕಂತುಕಂತಾಗಿ ಹಂಚಬೇಕು. ಸಣ್ಣವನ ಹತ್ತು ಚೀಲವೂ ದೊಡ್ಡವನ ಸಾವಿರ ಚೀಲವೂ ಒಂದೇ ರಾಶಿಯಲ್ಲಿ ಬಿದ್ದು ದರ್ಜೆಗೆ ತಕ್ಕಂತೆ ಒಂದೇ ದರವನ್ನು ಪಡೆಯುತ್ತಿದ್ದವು. ದರ ತಿಳಿಯದ ಸಣ್ಣ ಬೆಳೆಗಾರನನ್ನು ದಲ್ಲಾಳಿ ಕಣದಲ್ಲಿಯೇ ಹಿಡಿದು ಮುರಿಯುವುದಕ್ಕೆ ಅವಕಾಶವಿರಲಿಲ್ಲ.

ಇನ್ನೊಂದು ಪದರ ಜಗತ್ತಿನದು. ೧೯೬೨ರಲ್ಲಿ ವಿಶ್ವಸಂಸ್ಥೆಯ ಆಶ್ರಯದಲ್ಲಿ ಬೆಳೆಯುವ ದೇಶಗಳೂ ಕುಡಿಯುವ ದೇಶಗಳೂ ಒಂದೇ ಮೇಜಿನ ಸುತ್ತ ಕುಳಿತು ಅಂತರರಾಷ್ಟ್ರೀಯ ಕಾಫಿ ಒಪ್ಪಂದವನ್ನು ಮಾಡಿಕೊಂಡವು. ಯಾವ ದೇಶ ಎಷ್ಟು ರಫ್ತು ಮಾಡಬಹುದೆಂದು ಪಾಲು ಗೊತ್ತಾಯಿತು. ಬೆಲೆ ಕುಸಿದರೆ ಪಾಲನ್ನು ಬಿಗಿಹಿಡಿಯುವುದು, ಏರಿದರೆ ಸಡಿಲಿಸುವುದು. ೧೯೮೦ರ ದಶಕದಲ್ಲಿ ಪೌಂಡಿಗೆ ೧೨೦ರಿಂದ ೧೪೦ ಸೆಂಟುಗಳ ನಡುವೆ ಬೆಲೆಯನ್ನು ಇರಿಸುವುದು ಒಪ್ಪಂದದ ಗುರಿಯಾಗಿತ್ತು. ಶ್ರೀಮಂತ ರಾಷ್ಟ್ರಗಳು ಇದಕ್ಕೆ ಒಪ್ಪಿದ್ದು ಕೇವಲ ಧರ್ಮಬುದ್ಧಿಯಿಂದ ಎಂದು ಯಾರೂ ಹೇಳುವುದಿಲ್ಲ. ಕ್ಯೂಬಾದ ಕ್ರಾಂತಿಯ ಮರುವರ್ಷಗಳಲ್ಲಿ, ಲ್ಯಾಟಿನ್ ಅಮೆರಿಕದ ಬಡರೈತ ಎಡಕ್ಕೆ ತಿರುಗಿಬಿಟ್ಟಾನೆಂಬ ಭಯ ಅಮೆರಿಕಕ್ಕೆ ಇತ್ತು. ಭಯದಿಂದ ಮಾಡಿದ ನ್ಯಾಯವೂ ನ್ಯಾಯವೇ. ಭಯ ಹೋದಮೇಲೆ ಅದು ಉಳಿಯಲಿಲ್ಲ ಎಂಬುದು ಮಾತ್ರ ಅದರ ಕೊರತೆ. ೧೯೮೯ರ ಜುಲೈ ೪ರಂದು ರಫ್ತಿನ ಪಾಲುಗಳ ವ್ಯವಸ್ಥೆಯನ್ನು ನಿಲ್ಲಿಸಲಾಯಿತು. ಸ್ವಲ್ಪವೇ ಕಾಲದಲ್ಲಿ ಬೆಲೆ ಅರ್ಧಕ್ಕೆ ಇಳಿಯಿತು. ಇತ್ತ ನಮ್ಮ ಪೂಲ್ ಪದ್ಧತಿಯೂ ೧೯೯೨ರಿಂದ ಹಂತಹಂತವಾಗಿ ಸಡಿಲಗೊಂಡು ೧೯೯೬ರ ಹೊತ್ತಿಗೆ ಪೂರ್ಣವಾಗಿ ಮುಗಿಯಿತು.

ನ್ಯಾಯವಾಗಿ ಹೇಳಬೇಕಾದರೆ ಪೂಲ್ ಹೋದಾಗ ಬೆಳೆಗಾರರು ಅಳಲಿಲ್ಲ. ಹಲವರು ಅದನ್ನೇ ಬೇಡಿದ್ದರು. ಕಂತಿನ ಹಣ ವರ್ಷಗಟ್ಟಲೆ ತಡವಾಗುತ್ತಿತ್ತು. ಒಳ್ಳೆಯ ಬೀಜ ಮಾಡಿದವನಿಗೆ ಅದರ ಪೂರ್ಣ ಫಲ ಸಿಗುತ್ತಿರಲಿಲ್ಲ. ಸಂಸ್ಥೆಗೆ ವಯಸ್ಸಾದಂತೆ ಕಾಗದಪತ್ರ ದಪ್ಪವಾಗಿತ್ತು. ಅಲ್ಲದೆ ೧೯೯೪ರಲ್ಲಿ ಬ್ರೆಜಿಲಿಗೆ ಮತ್ತೆ ಹಿಮ ಬಿದ್ದು ಬೆಲೆ ಗಗನಕ್ಕೇರಿದ್ದರಿಂದ ಮುಕ್ತ ಮಾರುಕಟ್ಟೆಯ ಮೊದಲ ವರ್ಷಗಳು ಹಬ್ಬದಂತೆ ಕಳೆದವು. ಆ ಹಬ್ಬದ ಲೆಕ್ಕ ಶತಮಾನದ ಕೊನೆಗೆ ಬಂತು. ವಿಯೆಟ್ನಾಮ್ ಕೆಲವೇ ವರ್ಷಗಳಲ್ಲಿ ಜಗತ್ತಿನ ಎರಡನೆಯ ದೊಡ್ಡ ಕಾಫಿ ದೇಶವಾಗಿ ಬೆಳೆದು ನಿಂತಿತ್ತು. ತಡೆಯುವ ಒಪ್ಪಂದವಿರಲಿಲ್ಲ, ಬೀಜದ ಪ್ರವಾಹ ಬಂತು. ೨೦೦೧ರಲ್ಲಿ ಜಗತ್ತಿನ ಸರಾಸರಿ ಬೆಲೆ ಪೌಂಡಿಗೆ ಸುಮಾರು ೪೫ ಸೆಂಟಿಗೆ ಇಳಿಯಿತು. ಕೊಯ್ಯಿಸುವ ಕೂಲಿಯೂ ಹುಟ್ಟುವುದಿಲ್ಲವೆಂದು ಗಿಡದಲ್ಲೇ ಹಣ್ಣು ಬಿಟ್ಟವರುಂಟು. ೨೦೦೨ರಲ್ಲಿ ಬೆಳೆಗಾರರ ಸಾಲಗಳನ್ನು ಮರುಹೊಂದಿಸುವ ವಿಶೇಷ ಯೋಜನೆ ಬರಬೇಕಾಯಿತು. ಅದೂ ಸಾಲದೆ ೨೦೧೦ರಲ್ಲಿ ಸಾಲಪರಿಹಾರ ಕೊಡಬೇಕಾಯಿತು. ಇಲ್ಲದ ನೆಲಕ್ಕೆ ಬದಲಾಗಿ ಸರ್ಕಾರ ಬಿದ್ದವರಿಗೆ ಹಾಸಿಗೆ ಹಾಸಿತೆಂದು ಹೇಳಬಹುದು.

ಒಪ್ಪಂದದ ಮನೆ ಕುಸಿಯುತ್ತಿದ್ದ ಕಾಲದಲ್ಲಿಯೇ ಹಾಲೆಂಡಿನಲ್ಲಿ ಮೇಲೆ ಹೇಳಿದ ಮುದ್ರೆ ಹುಟ್ಟಿತು. ೧೯೮೮ರಲ್ಲಿ, ಮೆಕ್ಸಿಕೋದ ಬೆಟ್ಟಗಳ ಆದಿವಾಸಿ ರೈತರ ಸಹಕಾರ ಸಂಘವೊಂದರ ಬೀಜವನ್ನು ಉಚಿತವಾದ ಬೆಲೆಗೆ ಕೊಂಡು ಮಾರುವುದಕ್ಕಾಗಿ ಕೆಲವರು ಅದನ್ನು ಆರಂಭಿಸಿದರು. ಅದಕ್ಕೆ ಅವರು ಇಟ್ಟ ಹೆಸರು ಸಾಹಿತ್ಯದ ವಿದ್ಯಾರ್ಥಿಗಳ ಗಮನಕ್ಕೆ ಬರತಕ್ಕದ್ದು: ‘ಮ್ಯಾಕ್ಸ್ ಹ್ಯಾವೆಲಾರ್’. ಇದು ೧೮೬೦ರ ಒಂದು ಡಚ್ ಕಾದಂಬರಿಯ ನಾಯಕನ ಹೆಸರು. ಬರೆದವನು ಎಡ್ವರ್ಡ್ ಡೌವೆಸ್ ಡೆಕ್ಕರ್. ಕಾವ್ಯನಾಮ ಮುಲ್ತಾತುಲಿ, ಲ್ಯಾಟಿನ್ನಿನಲ್ಲಿ ‘ಬಹಳ ಸಹಿಸಿದ್ದೇನೆ’ ಎಂದು ಅರ್ಥ. ಜಾವಾದಲ್ಲಿ ಡಚ್ಚರ ಅಧಿಕಾರಿಯಾಗಿದ್ದ ಈತ ರೈತರ ಮೇಲಿನ ಸುಲಿಗೆಯನ್ನು ಕಂಡು ಮೇಲಿನವರಿಗೆ ದೂರು ಬರೆದು, ಅದು ಫಲಿಸದೆ ೧೮೫೬ರಲ್ಲಿ ಕೆಲಸವನ್ನು ಬಿಟ್ಟವನು. ೧೮೩೦ರಿಂದ ಜಾವಾದಲ್ಲಿ ಡಚ್ ಸರ್ಕಾರ ರೈತರ ನೆಲದ ಐದನೆಯ ಒಂದು ಭಾಗದಲ್ಲಿ ರಫ್ತಿನ ಬೆಳೆಯನ್ನು ಬೆಳೆಸುವ ಪದ್ಧತಿಯನ್ನು ಜಾರಿಗೆ ತಂದಿತ್ತು. ಆಚರಣೆಯಲ್ಲಿ ಅದು ಅದಕ್ಕೂ ಮೀರಿತ್ತು. ಕಾದಂಬರಿಯ ಕತೆಯನ್ನು ನಮಗೆ ಹೇಳಲು ಆರಂಭಿಸುವವನು ಆಮ್‌ಸ್ಟರ್‌ಡ್ಯಾಮಿನ ಒಬ್ಬ ಕಾಫಿ ದಲ್ಲಾಳಿ. ಧರ್ಮಭೀರು, ಲೆಕ್ಕದಲ್ಲಿ ಶುದ್ಧ, ಕವಿತೆಯೆಂದರೆ ಅಸಹ್ಯ. ಜಾವಾದ ಸಂಕಟ ಅವನಿಗೆ ಕಾಫಿಯ ಹರಾಜಿಗೆ ಸಂಬಂಧಪಟ್ಟಷ್ಟೇ ಮುಖ್ಯ. ತನ್ನ ಮೇಲೆ ತಾನೇ ವಿಡಂಬನೆ ಬರೆದುಕೊಳ್ಳುತ್ತಿದ್ದೇನೆಂಬುದು ಆತನಿಗೆ ಕೊನೆಯವರೆಗೂ ತಿಳಿಯುವುದಿಲ್ಲ.

ಇಲ್ಲಿ ಒಂದು ಸೂಕ್ಷ್ಮವಿದೆ. ಕಾದಂಬರಿಯ ಹ್ಯಾವೆಲಾರ್ ಸಜ್ಜನ. ಕೈಯಲ್ಲಿದ್ದುದನ್ನು ಕೊಟ್ಟುಬಿಡುವವನು, ದೀನರ ಕಂಬನಿ ಒರೆಸುವವನು. ಆದರೆ ಅವನು ಸೋಲುತ್ತಾನೆ. ಒಬ್ಬ ಸಜ್ಜನನ ಕರುಣೆಯಿಂದ ತಿದ್ದಲಾಗದಷ್ಟು ದೊಡ್ಡದು ಆ ವ್ಯವಸ್ಥೆಯ ಅನ್ಯಾಯ ಎಂಬುದೇ ಆ ಕೃತಿ ಓದುಗನಲ್ಲಿ ಮೂಡಿಸುವ ಅರಿವು. ಅಂಥ ಸೋತ ಸಜ್ಜನನ ಹೆಸರನ್ನು, ಕೊಳ್ಳುವವನ ಸೌಜನ್ಯವನ್ನೇ ನೆಚ್ಚಿದ ಒಂದು ಮುದ್ರೆಗೆ ಇಟ್ಟದ್ದು ಬೇಕೆಂದೇ ಆಗಿರಲಿ, ಅರಿಯದೆಯೇ ಆಗಿರಲಿ, ಅರ್ಥಪೂರ್ಣವಾಗಿದೆ. ೧೯೬೨ರಲ್ಲಿ ರಾಷ್ಟ್ರಗಳ ಮೇಜಿನ ಮೇಲೆ ಇದ್ದ ನ್ಯಾಯ ೧೯೮೮ರ ನಂತರ ಅಂಗಡಿಯ ಕಪಾಟಿಗೆ ಬಂತು; ಕಟ್ಟಳೆಯಾಗಿದ್ದದ್ದು ಆಯ್ಕೆಯಾಯಿತು. ನಮ್ಮ ಇಡೀ ಚರ್ಚೆಯ ಮರ್ಮ ಈ ಸ್ಥಳಾಂತರದಲ್ಲಿದೆಯೆಂದು ನಾವು ಭಾವಿಸುತ್ತೇವೆ.

ಮುದ್ರೆಯಿಂದ ಆದ ಉಪಕಾರವನ್ನು ಕಡೆಗಣಿಸುವುದು ಕೃತಘ್ನತೆಯಾದೀತು. ೨೦೦೧ರಲ್ಲಿ ಜಗತ್ತಿನ ಸರಾಸರಿ ಬೆಲೆ ೪೫ ಸೆಂಟಿದ್ದಾಗ ಮುದ್ರೆಯ ಕಾಫಿಗೆ ಅಧಿಕಧನವೂ ಸೇರಿ ೧೨೬ ಸೆಂಟು ಸಿಕ್ಕಿತು. ಅದನ್ನು ಪಡೆದ ಕುಟುಂಬಗಳಿಗೆ ಅದು ಊಟಕ್ಕೂ ಉಪವಾಸಕ್ಕೂ ಇರುವ ಅಂತರ. ೨೦೨೩ರ ಆಗಸ್ಟಿನಿಂದ ತೊಳೆದ ಅರೇಬಿಕಾಕ್ಕೆ ಪೌಂಡಿಗೆ ೧ ಡಾಲರು ೮೦ ಸೆಂಟು ಕನಿಷ್ಠ ಬೆಲೆಯೆಂದೂ, ಅದರ ಮೇಲೆ ಸಂಘದ ಸಾಮೂಹಿಕ ಕೆಲಸಗಳಿಗಾಗಿ ೨೦ ಸೆಂಟೆಂದೂ ಗೊತ್ತುಮಾಡಲಾಗಿದೆ. ಮಾರುಕಟ್ಟೆ ಅದಕ್ಕಿಂತ ಮೇಲಿದ್ದರೆ ಮಾರುಕಟ್ಟೆಯ ಬೆಲೆಯನ್ನೇ ಕೊಡಬೇಕು. ನಮ್ಮ ನೆರೆಯ ವಯನಾಡಿನ ಸಣ್ಣ ರೈತರು ಈ ದಾರಿಯಲ್ಲಿ ಸಂಘಟಿತರಾಗಿ ಹೊರದೇಶದ ಕೊಳ್ಳುಗರೊಡನೆ ನೇರವಾಗಿ ವ್ಯವಹರಿಸುತ್ತಿದ್ದಾರೆ.

ಆದರೆ ಈ ಕನಿಷ್ಠ ಬೆಲೆ ಬಟ್ಟಲಿನಲ್ಲಿ ಎಷ್ಟಾಗುತ್ತದೆಂದು ಒಂದು ಲೆಕ್ಕ ಹಾಕೋಣ. ಲೆಕ್ಕದ ಮೇಷ್ಟರ ನೆರವು ಬೇಕಾಗುವಷ್ಟು ಕಷ್ಟದ್ದಲ್ಲ. ಪೌಂಡಿಗೆ ೧ ಡಾಲರು ೮೦ ಸೆಂಟೆಂದರೆ ಕಿಲೋವಿಗೆ ಸುಮಾರು ೪ ಡಾಲರು. ಒಂದು ಕಿಲೋ ಬೀಜ ಬರಬೇಕಾದರೆ ಐದಾರು ಕಿಲೋ ಹಣ್ಣು ಕೊಯ್ಯಬೇಕು. ಆ ಬೀಜ ಹುರಿದಾಗ ತೂಕ ಕಳೆದು ಸುಮಾರು ೮೦೦ ಗ್ರಾಂ ಉಳಿಯುತ್ತದೆ. ಬಟ್ಟಲಿಗೆ ೧೦ ಗ್ರಾಂ ಪುಡಿಯೆಂದರೆ ೮೦ ಬಟ್ಟಲು. ಎಂದರೆ ಬಟ್ಟಲೊಂದಕ್ಕೆ ಬೆಳೆದ ಕಡೆಗೆ ಸಲ್ಲುವುದು ೫ ಸೆಂಟು. ಆ ಬಟ್ಟಲನ್ನು ನ್ಯೂಯಾರ್ಕಿನಲ್ಲೋ ಲಂಡನ್ನಿನಲ್ಲೋ ಕುಡಿಯುವವನು ನಾಲ್ಕು ಡಾಲರು ಕೊಡುತ್ತಾನೆಂದು ಇಟ್ಟುಕೊಳ್ಳಿ. ಎಂಬತ್ತರಲ್ಲಿ ಒಂದು ಪಾಲು! ಉಳಿದ ಎಪ್ಪತ್ತೊಂಬತ್ತೂ ಸುಲಿಗೆಯೆಂದು ಹೇಳುವುದು ಸರಿಯಲ್ಲ. ಅದರಲ್ಲಿ ಹಡಗಿನ ಬಾಡಿಗೆಯಿದೆ, ಹಾಲಿದೆ, ಅಂಗಡಿಯ ಬಾಡಿಗೆಯಿದೆ, ಬಟ್ಟಲು ತೊಳೆಯುವ ಹುಡುಗನ ಸಂಬಳವಿದೆ. ಆದರೆ ಆ ಬಟ್ಟಲು ತೊಳೆಯುವ ಹುಡುಗನ ಸಂಬಳಕ್ಕೆ ಆ ದೇಶದಲ್ಲಿ ಕಾನೂನಿನ ಕನಿಷ್ಠವಿದೆ, ಕಟ್ಟಡದ ಬಾಡಿಗೆಗೆ ಕರಾರಿದೆ. ಕುಗ್ಗಿಸಬಹುದಾದದ್ದು ಬೀಜದ ಬೆಲೆಯೊಂದೇ. ಹುರಿಯುವ ಲಾಭವೂ ನಮಗಿಲ್ಲ. ಹುರಿಯದ ಬೀಜವನ್ನು ಯೂರೋಪಿನ ಒಕ್ಕೂಟ ಸುಂಕವಿಲ್ಲದೆ ಬರಮಾಡಿಕೊಳ್ಳುತ್ತದೆ; ಹುರಿದ ಕಾಫಿಗೆ ಸುಂಕ ಹಾಕುತ್ತ ಬಂದಿದೆ. ಒಂದೇ ಒಂದು ಕಾಫಿ ತೋಟವಿಲ್ಲದ ಜರ್ಮನಿ ಜಗತ್ತಿಗೆ ಹುರಿದ ಕಾಫಿ ಮಾರುವ ದೊಡ್ಡ ದೇಶಗಳಲ್ಲಿ ಒಂದಾಗಿರುವುದರ ರಹಸ್ಯ ಸ್ವಲ್ಪಮಟ್ಟಿಗೆ ಇಲ್ಲಿದೆ.

ಇದಕ್ಕಿಂತ ಗಹನವಾದ ಇನ್ನೊಂದು ಕೊರತೆಯಿದೆ. ಕಾಫಿಯ ಮಟ್ಟಿಗೆ ಈ ಮುದ್ರೆ ದೊರೆಯುವುದು ಸಣ್ಣ ಬೆಳೆಗಾರರ ಸಂಘಗಳಿಗೆ ಮಾತ್ರ. ಕೂಲಿಯಾಳುಗಳಿಂದ ನಡೆಯುವ ಎಸ್ಟೇಟುಗಳಿಗೆ ಇಲ್ಲ. ಇದರ ಹಿಂದಿನ ಉದ್ದೇಶ ಒಳ್ಳೆಯದು: ದೊಡ್ಡವರು ನುಗ್ಗಿ ಸಣ್ಣವರ ಜಾಗವನ್ನು ಕಸಿಯಬಾರದು. ೨೦೧೧ರಲ್ಲಿ ಅಮೆರಿಕದ ಶಾಖೆ ಇದೇ ವಿಷಯದಲ್ಲಿ ಭಿನ್ನಾಭಿಪ್ರಾಯ ಬಂದು ಮೂಲಸಂಸ್ಥೆಯಿಂದ ಬೇರೆಯಾಯಿತು. ಯಾರ ವಾದ ಸರಿಯೆಂಬುದು ಇರಲಿ. ಇದರಿಂದ ಎಸ್ಟೇಟಿನ ಆಳು ನ್ಯಾಯದ ಲೆಕ್ಕದಿಂದ ಹೊರಗುಳಿದ. ಸಣ್ಣ ಬೆಳೆಗಾರನಾದರೂ ಕೊಯ್ಲಿನ ಕಾಲಕ್ಕೆ ಆಳು ಕರೆಯದೆ ಇರಲಾರ; ಅವನಿಗೆ ಸಿಕ್ಕ ಒಳ್ಳೆಯ ಬೆಲೆ ಆ ಆಳಿನ ಕೈಗೆ ಎಷ್ಟು ಇಳಿಯಿತೆಂದು ಯಾವ ಪೊಟ್ಟಣವೂ ಹೇಳುವುದಿಲ್ಲ.

ಮಲೆನಾಡಿನ ಆಳಿನ ಕತೆ ಕನ್ನಡ ಸಾಹಿತ್ಯಕ್ಕೆ ಹೊಸದೇನೂ ಅಲ್ಲ. ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ ಪ್ರಕಟವಾದದ್ದು ೧೯೩೬ರಲ್ಲಿ. ಅದರಲ್ಲಿ ಘಟ್ಟದ ಕೆಳಗಿನಿಂದ ಆಳುಗಳನ್ನು ತರುವ ಸೇರೆಗಾರನನ್ನು ಓದಿದವರು ಮರೆಯಲಾರರು. ಅಲ್ಲಿಯದು ಅಡಕೆ ಗದ್ದೆಗಳ ಲೋಕ. ಕಾಫಿಯ ತೋಟದಲ್ಲಿಯೂ ಪದ್ಧತಿ ಅದೇ. ಮುಂಗಡ ಕೊಡುವುದು, ಆಳನ್ನು ಕರೆತರುವುದು, ಮುಂಗಡ ತೀರುವವರೆಗೆ ಇರಿಸಿಕೊಳ್ಳುವುದು. ಸೇರೆಗಾರ ಹೋಗಿ ಮೇಸ್ತ್ರಿ ಬಂದ. ಘಟ್ಟದ ಕೆಳಗಿನವರು ಕಡಿಮೆಯಾಗಿ ತಮಿಳು ನಾಡಿನವರು, ಬಯಲುಸೀಮೆಯ ತಾಂಡಾಗಳವರು, ಈಚೆಗೆ ದೂರದ ಅಸ್ಸಾಮಿನವರು ಬಂದರು. ಕೊಡಗಿನ ಯರವ, ಪಣಿಯ, ಜೇನುಕುರುಬ ಕುಟುಂಬಗಳು ತಲೆಮಾರುಗಳಿಂದ ತೋಟಗಳ ಲೈನ್ ಮನೆಗಳಲ್ಲಿ ಬಾಳಿದವು. ೧೯೫೧ರ ತೋಟಗಾರಿಕಾ ಕಾರ್ಮಿಕ ಶಾಸನ ಅವರಿಗೆ ವಸತಿ, ಔಷಧ, ಕೂಸುಗಳ ಪಾಲನೆಗಳನ್ನು ವಿಧಿಸಿತ್ತು. ಆದರೆ ಅದು ಅನ್ವಯಿಸುತ್ತಿದ್ದುದು ಐದು ಹೆಕ್ಟೇರಿಗೂ ಹದಿನೈದು ಆಳುಗಳಿಗೂ ಕಡಿಮೆಯಿಲ್ಲದ ತೋಟಗಳಿಗೆ. ಆ ವಿಷಯವನ್ನೆಲ್ಲ ಸಂಸತ್ತು ೨೦೨೦ರಲ್ಲಿ ಹೊಸ ಸಂಹಿತೆಯೊಳಗೆ ಸೇರಿಸಿದೆ. ಲೈನ್ ಮನೆಯ ಗುಟ್ಟು ಒಂದೇ: ಕೆಲಸವಿರುವ ತನಕ ಮನೆ. ೨೦೧೬ರ ಡಿಸೆಂಬರಿನಲ್ಲಿ ವಿರಾಜಪೇಟೆ ತಾಲ್ಲೂಕಿನ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲುಗಳನ್ನು ಕೆಡವಿದಾಗ ನಾಡಿಗೆ ತಿಳಿದದ್ದು ಅದು. ತೋಟಗಳ ಲೈನ್ ಮನೆಗಳನ್ನು ಬಿಟ್ಟು, ತಮ್ಮದೆನ್ನಬಹುದಾದ ನಾಲ್ಕು ಗೋಡೆಗಾಗಿ ಕಾಡಿನಂಚಿಗೆ ಬಂದವರು ಅವರಲ್ಲಿ ಬಹಳ ಮಂದಿಯಿದ್ದರು. ಜಗತ್ತಿಗೆ ಕಾಫಿ ಕುಡಿಸಿದ ಕೈಗಳಿಗೆ ಒಂದು ಮನೆಯ ವಿಳಾಸವಿರಲಿಲ್ಲ.

ನಮ್ಮ ಸೀಮೆಯ ಒಂದು ಹಳೆಯ ಪ್ರಸಂಗ ಇಲ್ಲಿ ನೆನಪಿಗೆ ಬರುತ್ತದೆ. ರಾಯಚೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದ ಆಯ್ದಕ್ಕಿ ಮಾರಯ್ಯನ ಕಾಯಕ, ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು. ಒಂದು ದಿನ ಆತ ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ತಂದ. ಹೆಚ್ಚು ಬಂದರೆ ಹೆಚ್ಚು ಜನಕ್ಕೆ ಬಡಿಸಬಹುದಲ್ಲ ಎಂದು ಬೇರೆ ಯಾರಾದರೂ ಸಂತೋಷಪಡುತ್ತಿದ್ದರು. ಲಕ್ಕಮ್ಮ ಹಾಗೆ ಮಾಡಲಿಲ್ಲ. ಹೆಚ್ಚಿನದನ್ನು ಎಲ್ಲಿಂದ ತಂದೆಯೋ ಅಲ್ಲಿಯೇ ಹಾಕಿ ಬಾ ಎಂದು ಗಂಡನನ್ನು ಕಳಿಸಿದಳು. ತರಗತಿಯಲ್ಲಿ ಇದನ್ನು ನಾವು ನಿರಾಸೆಯ, ಎಂದರೆ ಆಸೆಯಿಲ್ಲದಿರುವಿಕೆಯ ಕತೆಯೆಂದು ಪಾಠ ಹೇಳುತ್ತೇವೆ. ಅರ್ಥಶಾಸ್ತ್ರದ ಕತೆಯಾಗಿಯೂ ಹೇಳಬಹುದು. ಮಿಗಿಸಿಕೊಂಡು ದಾನ ಮಾಡುವುದು ಒಂದು ನೀತಿ. ದಾನ ಮಾಡಬೇಕಾಗುವಷ್ಟು ಮಿಗಿಸಿಕೊಳ್ಳದೆ ಇರುವುದು ಇನ್ನೊಂದು ನೀತಿ. ಪೊಟ್ಟಣದ ಮುದ್ರೆ ಮೊದಲನೆಯದಕ್ಕೆ ಹತ್ತಿರ. ಒಪ್ಪಂದಗಳು, ಕನಿಷ್ಠ ಕೂಲಿಯ ಕಾನೂನುಗಳು, ಬೆಳೆಗಾರರ ಬಲವಾದ ಸಹಕಾರ ಸಂಘಗಳು ಎರಡನೆಯದಕ್ಕೆ ಹತ್ತಿರ.

ಈಗ ಕಾಫಿಗೆ ಚಿನ್ನದ ಬೆಲೆ ಬಂದಿರುವಾಗ ಈ ಮಾತುಗಳೆಲ್ಲ ಏಕೆ ಎಂದು ಕೇಳುವವರಿದ್ದಾರೆ. ನಿಜ, ೨೦೨೫ರ ಫೆಬ್ರುವರಿಯಲ್ಲಿ ನ್ಯೂಯಾರ್ಕಿನ ಅರೇಬಿಕಾ ಪೌಂಡಿಗೆ ನಾಲ್ಕು ಡಾಲರನ್ನು ದಾಟಿ ಹಿಂದಿನ ದಾಖಲೆಗಳನ್ನೆಲ್ಲ ಮುರಿಯಿತು. ಬ್ರೆಜಿಲಿನಲ್ಲಿ ಅನಾವೃಷ್ಟಿ, ವಿಯೆಟ್ನಾಮಿನಲ್ಲಿಯೂ ಮಳೆಯ ಕೊರತೆ. ಎಂದರೆ ನಮ್ಮ ಸುಖ ಇನ್ನೊಬ್ಬ ರೈತನ ಕಷ್ಟದ ಮೇಲೆ ನಿಂತದ್ದು. ಆತನಿಗೆ ಒಳ್ಳೆಯ ಮಳೆಯಾದರೆ ನಮ್ಮ ಸುಖ ಮುಗಿಯುತ್ತದೆ. ನೆಲ ಹಾಕುವ ಕೆಲಸವನ್ನು ಬೀಳುವಾಗ ಮಾಡಲಾಗುವುದಿಲ್ಲ. ಯೂರೋಪಿನ ಒಕ್ಕೂಟ ೨೦೨೩ರಲ್ಲಿ ಇನ್ನೊಂದು ನಿಯಮವನ್ನು ಮಾಡಿದೆ: ಕಾಡು ಕಡಿದ ನೆಲದಲ್ಲಿ ಬೆಳೆದ ಕಾಫಿಯನ್ನು ಅಲ್ಲಿ ಮಾರುವಂತಿಲ್ಲ, ಪ್ರತಿಯೊಂದು ತೋಟದ ಸ್ಥಾನವನ್ನೂ ನಕ್ಷೆಯ ಮೇಲೆ ಗುರುತಿಸಿ ತೋರಿಸಬೇಕು. ಜಾರಿ ಎರಡು ಸಲ ಮುಂದಕ್ಕೆ ಹೋಗಿದೆ. ಹಲಸು, ಬೀಟೆ, ನೇರಳೆಗಳ ನೆರಳ ಕೆಳಗೆ ಕಾಫಿ ಬೆಳೆಯುವ ನಮ್ಮವರು ಕಾಡನ್ನು ಉಳಿಸಿದವರೆಂದು ಹೇಳಿಕೊಳ್ಳಲು ಸಾಕಷ್ಟು ಆಧಾರವಿದೆ. ಆದರೆ ಅದನ್ನು ಸಿದ್ಧಪಡಿಸಿ ತೋರಿಸುವ ಖರ್ಚು ಎರಡೆಕರೆಯವನ ತಲೆಯ ಮೇಲೆ ಬೀಳುತ್ತದೆ. ಶ್ರೀಮಂತ ದೇಶಗಳು ನಿಯಮ ಮಾಡಲಾರವು ಎಂಬುದು ಸುಳ್ಳು. ಮರದ ವಿಷಯದಲ್ಲಿ ಮಾಡಿವೆ. ಮರದ ಕೆಳಗೆ ನಿಂತವನ ವಿಷಯದಲ್ಲಿ ಏಕೆ ಆಗದು ಎಂದು ಕೇಳುವ ಹಕ್ಕು ನಮಗಿದೆ.

ಹೊರಗಿನವರನ್ನು ಕೇಳುವ ಮುನ್ನ ಒಳಗೆ ಆಗಬಹುದಾದ ಕೆಲಸವೂ ಇದೆ. ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿಗಳ ಅರೇಬಿಕಾಕ್ಕೆ ೨೦೧೯ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಆ ಹೆಸರುಗಳನ್ನು ಇನ್ನು ಬೇರೆಯವರು ಕದಿಯುವಂತಿಲ್ಲ. ನೆಲದ ಹೆಸರಿಗೆ ದೊರೆತ ರಕ್ಷಣೆ ನೆಲದಲ್ಲಿ ದುಡಿಯುವವರಿಗೂ ದೊರೆಯುವಂತೆ ಆ ಮಾನ್ಯತೆಯೊಡನೆ ಕೂಲಿಯ ಷರತ್ತನ್ನು ಸೇರಿಸಲು ಏನು ಅಡ್ಡಿ? ತೋಟದ ಕೆಲಸಕ್ಕೆ ರಾಜ್ಯ ಸರ್ಕಾರ ಕನಿಷ್ಠ ಕೂಲಿಯನ್ನು ಗೊತ್ತುಮಾಡಿದೆ. ಆದರೆ ಕೊಯ್ಲು ನಡೆಯುವುದು ಹೆಚ್ಚಾಗಿ ಕಿಲೋ ಲೆಕ್ಕದಲ್ಲಿ. ಹಣ್ಣು ತೆಳುವಾಗಿರುವ ಕೊನೆಯ ಸುತ್ತಿನಲ್ಲಿ ದಿನವೆಲ್ಲ ಗಿಡದಿಂದ ಗಿಡಕ್ಕೆ ಸುತ್ತಿದರೂ ತೂಕ ಏರುವುದಿಲ್ಲ. ಗಂಡ, ಹೆಂಡತಿ, ಶಾಲೆ ಬಿಟ್ಟ ಮಗ, ಮೂವರ ಕೊಯ್ಲು ಒಂದೇ ಹೆಸರಿನಲ್ಲಿ ತೂಗಿ ಹೋಗುತ್ತದೆ. ತಕ್ಕಡಿಯ ಬಳಿ ಯಾರ ಹೆಸರನ್ನು ಬರೆಯುತ್ತಾರೆ, ಮುಂಗಡದ ಲೆಕ್ಕವನ್ನು ಯಾರ ಪುಸ್ತಕದಲ್ಲಿ ಇಡುತ್ತಾರೆ ಎಂಬಂಥ ಸಣ್ಣ ಸಂಗತಿಗಳಲ್ಲಿಯೇ ನ್ಯಾಯಬೆಲೆ ಇರುವುದು ಅಥವಾ ಇಲ್ಲದಿರುವುದು. ಅರೇಬಿಕಾದ ಕೊಯ್ಲು ನವೆಂಬರಿನ ಹೊತ್ತಿಗೆ ತೊಡಗುತ್ತದೆ. ರೊಬಸ್ಟಾದ್ದು ಅದರ ಹಿಂದೆ ಬರುತ್ತದೆ. ತಾಂಡಾಗಳಿಂದ ಲಾರಿಗಳು ಹೊರಡುವ ಮೊದಲೇ ಕಿಲೋವಿಗೆ ಕೂಲಿ ಎಷ್ಟು, ತೂಕ ಎಷ್ಟೇ ಬರಲಿ ದಿನಕ್ಕೆ ಕಡಿಮೆಯೆಂದರೆ ಎಷ್ಟು, ಜೊತೆಗೆ ಹೋದ ಮಕ್ಕಳ ಹೆಸರು ಯಾವ ಶಾಲೆಯ ಹಾಜರಿಯಲ್ಲಿರುತ್ತದೆ ಎಂಬುದು ಬರಹದಲ್ಲಿ ಗೊತ್ತಾಗಬೇಕು. ಕಾಫಿ ಮಂಡಳಿಯೂ ಬೆಳೆಗಾರರ ಸಂಘಗಳೂ ಎರಡೂ ಕಡೆಯ ಜಿಲ್ಲೆಗಳ ಕಾರ್ಮಿಕ ಅಧಿಕಾರಿಗಳೂ ಒಂದೆಡೆ ಕುಳಿತು ಮಾತನಾಡಲು ಮುಂಗಾರಿನ ನಾಲ್ಕು ತಿಂಗಳುಗಳು ಸಾಕು.